ಕಪ್ಪು ಹಚ್ಚುವ ಕೈ

ಬೆಳಗಿನ ಐದೂವರೆ. ಸ್ಟುಡಿಯೋದ ಹಿಂಬದಿಯ ಮೇಕಪ್ ಕೋಣೆಯಲ್ಲಿ ಕನ್ನಡಿಯ ಸುತ್ತಲಿನ ಹನ್ನೆರಡು ಬಲ್ಬುಗಳ ಪೈಕಿ ಒಂಬತ್ತು ಉರಿಯುತ್ತಿವೆ. ಕುರ್ಚಿಯಲ್ಲಿ ಧಾರಾವಾಹಿಯ ನಾಯಕಿ ಬಾಯಿ ಅರೆತೆರೆದು ತೂಕಡಿಸುತ್ತಿದ್ದಾಳೆ. ಬಲು ಬೆಳ್ಳನೆಯ ಹುಡುಗಿ. ಅವಳ ಹಣೆಯ ಮೇಲೆ ಒದ್ದೆ ಸ್ಪಂಜಿನಿಂದ ಕಡುಗಂದು ಬಣ್ಣ ಒತ್ತುತ್ತಿರುವ ಹೆಂಗಸನ್ನು ಇಲ್ಲಿ ಎಲ್ಲರೂ ಕರೆಯುವುದು ‘ಬಣ್ಣದಕ್ಕ’ ಎಂದು. ಬಣ್ಣವನ್ನು ಒತ್ತಬೇಕು, ಉಜ್ಜಬಾರದು. ಉಜ್ಜಿದರೆ ಗೆರೆ ಬೀಳುತ್ತದೆ. ಹಣೆ, ಕೆನ್ನೆ, ಕಿವಿಯ ಹಿಂಭಾಗ, ಕತ್ತು ಎಲ್ಲ ಮುಗಿಯಲು ಐವತ್ತೈದು ನಿಮಿಷ. ಅಷ್ಟರಲ್ಲಿ ಬಿಳಿ ಹುಡುಗಿ ಕಪ್ಪು ಹುಡುಗಿಯಾಗಿರುತ್ತಾಳೆ. ಸಂಜೆ ಏಳೂವರೆಗೆ ಮನೆಮನೆಯಲ್ಲಿ ಟಿ.ವಿ. ಮುಂದೆ ಕೂತವರು ‘ಅಯ್ಯೋ ಪಾಪ’ ಎಂದು ಅವಳಿಗಾಗಿ ಮೂಗೊರೆಸಿಕೊಳ್ಳುತ್ತಾರೆ.

ಬಣ್ಣದಕ್ಕನಿಗೆ ಅಳು ಬರುವುದಿಲ್ಲ. “ಇಲ್ಲ ಅಂತ ಯಾಕೆ ಹೇಳ್ಲಿ? ಹೊಟ್ಟೆಕಿಚ್ಚೇ” ಎನ್ನುತ್ತಾರೆ, ಸ್ಪಂಜು ಹಿಂಡುತ್ತಾ. “ಮೊದಮೊದಲು ಇದು ಬೇಜಾರು ಅಂದ್ಕೊಂಡಿದ್ದೆ. ಬೇಜಾರಾಗಿದ್ರೆ ಒಂದು ನಿದ್ದೆ ಮಾಡಿದ್ರೆ ಹೋಗ್ತಿತ್ತು. ಇದು ಬೆಳಿಗ್ಗೆ ನನಗಿಂತ ಮುಂಚೆ ಎದ್ದು ಕೂತಿರುತ್ತೆ.”

ಅವರಿಗೀಗ ಮೂವತ್ತೇಳು. ಹದಿನೆಂಟರ ವಯಸ್ಸಿನಲ್ಲಿ ಇದೇ ಗೇಟಿನೊಳಗೆ ಆರು ಫೋಟೊ ಹಿಡಿದು ಬಂದದ್ದು ನಟಿಸಲಿಕ್ಕೆ. ಫೋಟೊ ನೋಡಿದ ಮ್ಯಾನೇಜರ್ ‘ಕಣ್ಣು ಚೆನ್ನಾಗಿದೆ’ ಅಂದರು, ‘ಧ್ವನಿಯೂ ಚೆನ್ನಾಗಿದೆ’ ಅಂದರು, ಆಮೇಲೆ ಕೆಮ್ಮಿದರು. ಅವತ್ತು ಮೇಕಪ್ ಕೋಣೆಯ ಕೆಲಸದವರೊಬ್ಬರು ಬಂದಿರಲಿಲ್ಲ. ಬಂದಿದ್ದೀಯಲ್ಲ, ಸ್ವಲ್ಪ ಬ್ರಷ್ ತೊಳೆದುಕೊಡು ಎಂದರು. ಆ ‘ಸ್ವಲ್ಪ’ಕ್ಕೆ ಈಗ ಹತ್ತೊಂಬತ್ತು ವರ್ಷ.

ಈ ಧಾರಾವಾಹಿ ಶುರುವಾದದ್ದು ಹದಿನಾರು ತಿಂಗಳ ಹಿಂದೆ. ಬಣ್ಣ ಕಪ್ಪೆಂದು ಎಲ್ಲರಿಂದಲೂ ಅನ್ನಿಸಿಕೊಳ್ಳುವ ಹುಡುಗಿಯ ಕಥೆ. ಎಂಥ ಕಪ್ಪು ಬೇಕು ಎಂದು ನಿರ್ದೇಶಕರು ಮೂರು ದಿನ ತಲೆ ಕೆಡಿಸಿಕೊಂಡರು. ನಾಲ್ಕನೇ ದಿನ ಚಹಾದ ಲೋಟ ಕೊಡುತ್ತಿದ್ದ ಬಣ್ಣದಕ್ಕನ ಮುಂಗೈ ಹಿಡಿದು, “ಇದೇ! ನನಗೆ ಬೇಕಾಗಿದ್ದು ಇದೇ!” ಎಂದು ಕುಣಿದಾಡಿದರು. ಕೈ ಕಂಡಿತು, ಕೈಯ ಒಡತಿ ಕಾಣಲಿಲ್ಲ. ಬಣ್ಣದಕ್ಕ ತಮ್ಮ ಮುಂಗೈ ಪಕ್ಕದಲ್ಲಿಟ್ಟುಕೊಂಡು, ಅದಕ್ಕೆ ಸರಿಹೊಂದುವವರೆಗೆ ಬಣ್ಣ ಕಲಸಿ, ಡಬ್ಬಿಯ ಮುಚ್ಚಳದ ಮೇಲೆ ಬಣ್ಣದ ನಂಬರ್ ‘ಏಳು’ ಎಂದು ಬರೆದರು.

ಆಮೇಲಿನ ಕಥೆ ಇನ್ನೂ ಚೆಂದ. ಇಪ್ಪತ್ತನೇ ಕಂತಿಗೆ ನಿರ್ದೇಶಕರು, “ಅಕ್ಕಾ, ಒಂಚೂರು ತಿಳಿ ಮಾಡಿ, ಮುಖ ಕಾಣ್ತಿಲ್ಲ” ಎಂದರು. ಐವತ್ತಕ್ಕೆ ಚಾನೆಲ್‌ನವರು ಇನ್ನೊಂಚೂರು ಎಂದರು. ದುಃಖ ಕಾಣಬೇಕಂತೆ, ಕಪ್ಪು ಕಣ್ಣಿಗೆ ಹೊಡೆಯಬಾರದಂತೆ. ಏಳು ಹೋಗಿ ಆರಾಯಿತು, ಐದಾಯಿತು, ಈಗ ನಾಲ್ಕು. ಕಥೆಯ ಅತ್ತೆ ಮಾತ್ರ ಅವತ್ತಿನಷ್ಟೇ ಜೋರಾಗಿ ‘ಕರೀ ಮೂತಿ’ ಎಂದು ಬೈಯುತ್ತಾಳೆ.

ನಾಯಕಿ ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ದೃಶ್ಯಗಳಲ್ಲಿ ಹತ್ತಿರದಿಂದ ಕಾಣುವ ಕೈ ಅವಳದಲ್ಲ. ಹಚ್ಚಿದ ಬಣ್ಣ ಸೋಪಿನ ನೀರಿಗೆ ನಿಲ್ಲುವುದಿಲ್ಲವೆಂದು ಬಣ್ಣದಕ್ಕನ ಕೈಯನ್ನೇ ತೋರಿಸುತ್ತಾರೆ. ಒಮ್ಮೆ ಕ್ಯಾಮೆರಾದವನು ನೋಡಿ, ಕೈಗೂ ಮುಖಕ್ಕೂ ತಾಳೆಯಾಗುತ್ತಿಲ್ಲ ಎಂದು ತಕರಾರು ತೆಗೆದ. ಅವತ್ತಿನಿಂದ ಕೈ ನೀರಿಗಿಳಿಯುವ ಮೊದಲಿನ ಶಾಟ್‌ಗಳಿಗೆಲ್ಲ ಬಣ್ಣದಕ್ಕ ತಮ್ಮ ಕೈಗೂ ನಾಲ್ಕನೇ ನಂಬರ್ ಹಚ್ಚಿಕೊಳ್ಳಬೇಕು. “ನನ್ನ ಕೈ ನೋಡಿ ಮಾಡಿದ ಬಣ್ಣಕ್ಕೆ ನನ್ನ ಕೈಯೇ ಸರಿಹೋಗ್ತಿಲ್ಲ ಅಂದ್ರೆ, ಯಾರ ಹತ್ರ ಹೇಳ್ಕೊಳ್ಳೋದು?” ಎಂದು ನಗುತ್ತಾರೆ.

ಧಾರಾವಾಹಿಯ ನಾಯಕ ಬಣ್ಣದಕ್ಕನಿಗಿಂತ ಒಂದು ಕೈ ಮೇಲೆಯೇ ಕಪ್ಪು. ಅವನಿಗೆ ಬೆವರಿನ ಹೊಳಪು ಹೋಗುವಷ್ಟು ಪೌಡರು ಒತ್ತಿದರೆ ಮುಗಿಯಿತು, ನಾಲ್ಕು ನಿಮಿಷದ ಕೆಲಸ. ನಾನೂರ ಹನ್ನೆರಡು ಕಂತುಗಳಲ್ಲಿ ಅವನ ಬಣ್ಣದ ಬಗ್ಗೆ ಒಬ್ಬರೂ ಒಂದು ಮಾತಾಡಿಲ್ಲ. “ಗಂಡಸು ಕಪ್ಪಗಿದ್ರೆ ಗತ್ತು ಅಂತಾರೆ. ನಾವು ಕಪ್ಪಗಿದ್ರೆ ನಾನೂರು ಕಂತಿನ ಗೋಳು ಮಾಡ್ತಾರೆ.”

ಹೋದ ತಿಂಗಳು ನಾಯಕಿಗೆ ‘ದಿಟ್ಟ ನಟಿ’ ಪ್ರಶಸ್ತಿ ಬಂತು. ‘ಕಪ್ಪಗಿರೋದು ಎಷ್ಟು ಕಷ್ಟ ಅಂತ ಈ ಪಾತ್ರ ನನಗೆ ಕಲಿಸಿತು’ ಎಂದು ವೇದಿಕೆಯಲ್ಲಿ ಗದ್ಗದಿತಳಾದಳು. ಮನೆಯಲ್ಲಿ ಅದನ್ನು ನೋಡುತ್ತಿದ್ದ ಬಣ್ಣದಕ್ಕನ ತಾಯಿಯೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗಳು ಸ್ಕೂಲಿಗೆ ಹೋಗುವಾಗ ಬಿಳಿ ಮಾಡುವ ಕ್ರೀಮಿನ ಟ್ಯೂಬನ್ನು ಕತ್ತರಿಸಿ, ಒಳಗೆ ಅಂಟಿದ್ದನ್ನೂ ಬಳಿದು ಹಚ್ಚುತ್ತಿದ್ದ ತಾಯಿ ಇವರೇ. “ನನಗೋಸ್ಕರ ಯಾವತ್ತಾದ್ರೂ ಅತ್ತಿದ್ಯೇನಮ್ಮಾ?” ಎಂದು ಬಣ್ಣದಕ್ಕ ಕೇಳಿದರಂತೆ. “ನಿನಗೇನಾಗಿದೆಯೇ? ನೀನು ಗಟ್ಟಿಗಿತ್ತಿ” ಎಂದು ತಾಯಿ ಮತ್ತೆ ಟಿ.ವಿ. ಕಡೆ ತಿರುಗಿದರಂತೆ.

“ಅವಳ ಕಷ್ಟ ಸಂಜೆ ಆರಕ್ಕೆ ಎಣ್ಣೆ, ಹತ್ತಿ ತಗೊಂಡು ಒರೆಸಿದ್ರೆ ಹತ್ತು ನಿಮಿಷದಲ್ಲಿ ಹೋಗುತ್ತೆ. ಒರೆಸೋಳೂ ನಾನೇ” ಎನ್ನುತ್ತಾರೆ. ಆಮೇಲೆ, “ಕೆಟ್ಟವಳಾಗಿದ್ರೆ ಎಷ್ಟೋ ಸುಲಭ ಇತ್ತು. ದಿನಾ ‘ಅಕ್ಕಾ, ತಿಂದ್ರಾ?’ ಅಂತ ಕೇಳ್ತಾಳೆ. ಹಾಳಾದವಳು, ಒಳ್ಳೆಯವಳು” ಎಂದು ಸೇರಿಸುತ್ತಾರೆ.

ಈಚೆಗೆ ಅದೇ ಕಂಪನಿ ಇನ್ನೊಂದು ಧಾರಾವಾಹಿಗೆ ಕೈಹಾಕಿತು. ಅದರಲ್ಲಿ ಮದುವೆಯಾಗದೆ ಉಳಿದ ಕಪ್ಪು ಅಕ್ಕನ ಪಾತ್ರವಿದೆ, ವಯಸ್ಸು ಮೂವತ್ತೈದರ ಆಸುಪಾಸು. ಬಣ್ಣದಕ್ಕ ಎರಡು ರಾತ್ರಿ ನಿದ್ದೆಗೆಟ್ಟು, ಮೂರನೇ ದಿನ ನಿರ್ದೇಶಕರೆದುರು ನಿಂತು, “ಸಾರ್, ಒಂದ್ಸಲ ನನ್ನನ್ನೂ ನೋಡಿ” ಎಂದು ಕೇಳಿಯೇಬಿಟ್ಟರು. ಹತ್ತೊಂಬತ್ತು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ಅವರು ಇಲ್ಲವೆನ್ನಲಾಗದೆ ಹೂಂ ಎಂದರು. ನಟನೆಯ ಪರೀಕ್ಷೆಯ ದಿನ ಐದು ಬಿಳಿ ಹುಡುಗಿಯರಿಗೆ ಕಪ್ಪು ಹಚ್ಚಿ ಕಳಿಸಿದ ಮೇಲೆ, ಬಣ್ಣದಕ್ಕ ಕೈ ತೊಳೆದು, ತಲೆ ಬಾಚಿ, ಆರನೆಯವರಾಗಿ ತಾವೇ ಕ್ಯಾಮೆರಾ ಮುಂದೆ ಹೋಗಿ ನಿಂತರು.

ಫಲಿತಾಂಶ ಸೋಮವಾರ ಬಂತು. ಆಯ್ಕೆಯಾದದ್ದು ಐವರಲ್ಲಿ ಮೂರನೆಯವಳು. ನಿರ್ದೇಶಕರು ಬಣ್ಣದಕ್ಕನನ್ನು ಪಕ್ಕಕ್ಕೆ ಕರೆದು, ನಿಜವಾದ ಮರುಕದಿಂದಲೇ, “ನೀವೇ ಎಲ್ಲರಿಗಿಂತ ಚೆನ್ನಾಗಿ ಮಾಡಿದ್ರಿ ಅಕ್ಕಾ. ಆದ್ರೆ ಕಥೆ ಕೊನೆಗೆ ಅವಳು ಬೆಳ್ಳಗಾಗ್ಬೇಕು. ನಿಮ್ಮದು ಹೋಗಲ್ವಲ್ಲ” ಎಂದರು. ಮುಂದಿನ ವಾರದಿಂದ ಆ ಮೂರನೆಯವಳಿಗೂ ಬಣ್ಣದಕ್ಕನೇ ಹಚ್ಚಬೇಕು.

ಹಚ್ಚುತ್ತೀರಾ ಎಂದು ಕೇಳಿದರೆ, “ಹಚ್ತೀನಿ. ಹೊಟ್ಟೆ ಉರ್ಕೊಂಡೇ ಹಚ್ತೀನಿ, ಆದ್ರೆ ಗೆರೆ ಬೀಳಲ್ಲ.” ಆಮೇಲೆ ಆ ಪರೀಕ್ಷೆಯ ದಿನದ ಸಂಗತಿಯೊಂದನ್ನು ಹೇಳುತ್ತಾರೆ. ನಿರ್ಮಾಪಕರು ಪಕ್ಕದ ಕೋಣೆಯಲ್ಲಿ ಪರದೆಯ ಮೇಲಷ್ಟೇ ನೋಡುತ್ತಿದ್ದರು. ಆರನೆಯವರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಐದು ಜನರ ತನಕ ಸುಮ್ಮನಿದ್ದವರು ಈಗ ಮೈಕ್ ಹಿಡಿದು ಕೇಳಿದರು: “ಈ ಹುಡುಗಿಯ ಮೇಕಪ್ ಬಹಳ ಚೆನ್ನಾಗಿ ಕೂತಿದೆ ಕಣ್ರೀ. ಯಾರು ಹಚ್ಚಿದ್ದು?”

ಬಣ್ಣದಕ್ಕ ಕ್ಯಾಮೆರಾವನ್ನೇ ನೋಡುತ್ತಾ ಹೇಳಿದರು: “ನಮ್ಮಮ್ಮ, ಸಾರ್.”