ಸದ್ದಿಲ್ಲದ ಮಾತಿಗೆ ಸೂಜಿ

ಬಟ್ಟೆ ಮಿಲ್ಲಿನ ಮಗ್ಗಗಳ ನಡುವೆ ಗಂಟಲು ಹರಿಯುವಂತೆ ಕೂಗಿದರೂ ಪಕ್ಕದವರಿಗೆ ಕೇಳುವುದಿಲ್ಲ. ಹಾಗಾಗಿ ಅಲ್ಲಿ ದುಡಿಯುವ ಹೆಂಗಸರು ಕೂಗುವ ಗೋಜಿಗೇ ಹೋಗುವುದಿಲ್ಲ. ದನಿ ಹೊರಡಿಸದೆ, ತುಟಿಗಳನ್ನಷ್ಟೇ ಅಗಲವಾಗಿ ಆಡಿಸಿ, ಆಚೆ ಸಾಲಿನಲ್ಲಿ ನಿಂತವಳಿಗೆ ಮನೆಯ ಸುದ್ದಿ, ಮೇಸ್ತ್ರಿಯ ಮೇಲಿನ ಸಿಟ್ಟು, ಸೊಸೆಯ ದೂರು ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ದೊಡ್ಡಕ್ಕನ ಯೌವನವೆಲ್ಲ ಈ ಮಾತಿನಲ್ಲೇ ಕಳೆದಿತ್ತು. ಮಿಲ್ಲು ಅವಳಿಗೆ ಒಂದಿಷ್ಟು ಪಿಂಚಣಿ ಕೊಟ್ಟು ಎರಡು ಕಿವಿಗಳನ್ನು ತೆಗೆದುಕೊಂಡಿತು. ಎದುರಿನವರ ತುಟಿ ಕಂಡರೆ ಅವಳಿಗೆ ಎಲ್ಲ ತಿಳಿಯುತ್ತಿತ್ತು. ಕಾಣದಿದ್ದರೆ ಗೋಡೆಯ ಮುಂದೆ ಕೂತ ಹಾಗೆ.

ಗಂಡ ತೀರಿಕೊಂಡ ಮೇಲೆ ಅವಳು ಊಟ ಬಿಟ್ಟಳು, ಸ್ನಾನ ಬಿಟ್ಟಳು. ಒಂದು ಬೆಳಿಗ್ಗೆ ಗ್ಯಾಸ್ ತಿರುಗಿಸಿ, ಕಡ್ಡಿ ಗೀರುವುದನ್ನೇ ಮರೆತು ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಳು. ಬಸ್ ಡ್ರೈವರಾಗಿದ್ದ ಮಗ ಹೆದರಿ ಮಾನಸಿಕ ಆಸ್ಪತ್ರೆಗೆ ಸೇರಿಸಿದ. ಅವನು ಮಾಡಿದ್ದು ತಪ್ಪಲ್ಲ. ಅವಳಿಗೆ ಕಾಯಿಲೆ ಇತ್ತು. ಆಸ್ಪತ್ರೆಯವರಿಗೆ ಕಂಡ ಕಾಯಿಲೆ ಬೇರೆ, ಅಷ್ಟೆ.

ವಾರ್ಡಿನಲ್ಲಿ ಸಿಬ್ಬಂದಿಯೆಲ್ಲ ಮಾಸ್ಕ್ ಹಾಕಿದ್ದರು. ಅಮ್ಮನಿಗೆ ಕಿವಿ ಸ್ವಲ್ಪ ಮಂದ ಎಂದು ಮಗ ಹೇಳಿದ್ದರಿಂದ ಎಲ್ಲರೂ ಮಾಸ್ಕಿನೊಳಗಿಂದಲೇ ಗಟ್ಟಿಯಾಗಿ ಕೂಗುತ್ತಿದ್ದರು. ನರ್ಸು ಏನೋ ಕೇಳುತ್ತಿದ್ದಾಳೆ ಎಂಬುದು ಹುಬ್ಬಿನಿಂದ ತಿಳಿಯಿತು. ಏನು ಎಂಬುದು ತಿಳಿಯಲಿಲ್ಲ. “ಕೇಳಲ್ಲ” ಅಂದಳು ದೊಡ್ಡಕ್ಕ. ನರ್ಸು ಇನ್ನೂ ಜೋರಾಗಿ ಕೂಗಿದಳು. ದೊಡ್ಡಕ್ಕ ಕೈ ಚಾಚಿ ಆ ಮಾಸ್ಕನ್ನು ಗದ್ದಕ್ಕೆ ಇಳಿಸಿದಳು. ನರ್ಸು ಕಿರುಚಿಕೊಂಡಳು. ಇಬ್ಬರು ಓಡಿ ಬಂದು ದೊಡ್ಡಕ್ಕನನ್ನು ಮಂಚಕ್ಕೆ ಒತ್ತಿ ಹಿಡಿದು, ಬಟ್ಟೆಪಟ್ಟಿಯಿಂದ ಮಣಿಕಟ್ಟುಗಳನ್ನು ಕಟ್ಟಿದರು. ಮತ್ತೊಬ್ಬಳು ಸೂಜಿ ಚುಚ್ಚಿದಳು. ಯಾಕೆಂದು ಯಾರೂ ಮುಖ ತೋರಿಸಿ ಹೇಳಲಿಲ್ಲ. ಪಟ್ಟಿಯ ನೇಯ್ಗೆ ಕಳಪೆಯದು ಎಂಬುದನ್ನು ಮಾತ್ರ ಅವಳು ಗಮನಿಸಿದಳು.

ಕಟ್ಟು ಬಿಚ್ಚಿದ ಮೇಲೂ ದೊಡ್ಡಕ್ಕನ ತುಟಿ ಸದ್ದಿಲ್ಲದೆ ಆಡುತ್ತಲೇ ಇತ್ತು. ಅವಳು ಯೋಚಿಸುವ ರೀತಿಯೇ ಹಾಗೆ. ಸತ್ತ ಗಂಡನ ಹತ್ತಿರ ಮಾತಾಡುತ್ತಿದ್ದಳೇ? ಒಮ್ಮೊಮ್ಮೆ ಆಡುತ್ತಿದ್ದಳು. ಅವನು ಉತ್ತರ ಕೊಟ್ಟನೆಂದು ಮಾತ್ರ ಎಂದೂ ಹೇಳಲಿಲ್ಲ.

“ಮನೇಲೂ ಹೀಗೇ ಬಾಯಿ ಆಡಿಸ್ತಿದ್ರಾ?” ಎಂದು ಡಾಕ್ಟರು ಮಗನನ್ನು ಕೇಳಿದರು.

“ಹೂಂ ಡಾಕ್ಟ್ರೇ. ನಾನು ಚಿಕ್ಕವನಿದ್ದಾಗಿಂದ್ಲೂ.”

ಮಗ ಸುಳ್ಳು ಹೇಳಲಿಲ್ಲ. ಮಿಲ್ಲಿನೊಳಗೆ ಅವನು ಎಂದೂ ಕಾಲಿಟ್ಟವನಲ್ಲ. ಇದು ಹಳೆಯ ಕಾಯಿಲೆ ಎಂದು ತೀರ್ಮಾನವಾಯಿತು, ಮದ್ದು ಹೆಚ್ಚಿತು.

ಸೂಜಿ ಬಿದ್ದ ಮೇಲೆ ನಾಲಿಗೆ ದಪ್ಪವಾಗಿ ಬಾಯಲ್ಲಿ ಹಿಡಿಸುತ್ತಿರಲಿಲ್ಲ, ಕೈಯಲ್ಲಿ ಲೋಟ ನಿಲ್ಲುತ್ತಿರಲಿಲ್ಲ. ಆ ಸೂಜಿ ನಿಲ್ಲಬೇಕು, ದೊಡ್ಡಕ್ಕನಿಗೆ ಬೇಕಾದದ್ದು ಇಷ್ಟೇ. ತುಟಿ ಆಡಿದಾಗಲೆಲ್ಲ ನರ್ಸು ಡಾಕ್ಟರ ಕೋಣೆಗೆ ಹೋಗುವುದನ್ನೂ ಅದರ ಬೆನ್ನಿಗೇ ಸೂಜಿ ಬರುವುದನ್ನೂ ಗಮನಿಸಿ ಅವಳು ಬಾಯಿಗೆ ಬೀಗ ಹಾಕಿದಳು.

ಇಂಥ ಹೊತ್ತಿಗೆ ಲಾಳಿ ಬಂದಳು. ಮಿಲ್ಲಿನಲ್ಲಿ ದೊಡ್ಡಕ್ಕನ ಎದುರು ಸಾಲಿನವಳು. ಮಗ್ಗದಲ್ಲಿ ನೂಲು ಒಯ್ಯುವ ಲಾಳಿಯ ಹಾಗೆ ಒಂದು ಕಡೆ ನಿಲ್ಲದೆ ಅತ್ತಿಂದಿತ್ತ ಓಡಾಡುತ್ತಿದ್ದಳೆಂದು ಆ ಅಡ್ಡಹೆಸರು. ಮಗನಿಂದ ವಿಷಯ ತಿಳಿದವಳೇ ಡಾಕ್ಟರ ಕೋಣೆಗೆ ನುಗ್ಗಿದಳು.

“ಅದು ಹುಚ್ಚಲ್ಲ ಸ್ವಾಮಿ, ನಮ್ಮ ಮಾತು. ಅದಕ್ಕೇ ಚುಚ್ಚೋದಾದ್ರೆ ಮಿಲ್ಲಿಗೆ ಬನ್ನಿ, ಇಡೀ ಪಾಳಿಯನ್ನೇ ಹಿಡ್ಕೊಂಡು ಬರ್ಬೋದು.”

ಡಾಕ್ಟರು ನಗಲಿಲ್ಲ. ಆದರೆ ಅನ್ಯಾಯದ ಮನುಷ್ಯರಲ್ಲ. “ಸರಿ, ತೋರಿಸಿ. ಬಾಗಿಲಲ್ಲಿ ನಿಂತು ತಿಂಡಿ ಏನು ತಿಂದ್ರಿ ಅಂತ ಕೇಳಿ. ಉತ್ತರ ಬಂದ್ರೆ ಒಪ್ತೀನಿ.”

ಲಾಳಿ ತುಟಿ ಆಡಿಸಿ ಕೇಳಿದಳು. ವಾರ್ಡಿನ ಆ ತುದಿಯ ಮಂಚದಿಂದ ದೊಡ್ಡಕ್ಕ ಒಂದಕ್ಷರ ಬಿಡದೆ ಓದಿದಳು, ಓದಿ ಗಾಬರಿಯಾದಳು. ಈ ಬುದ್ಧಿಗೇಡಿ ಡಾಕ್ಟರ ಪಕ್ಕದಲ್ಲೇ ನಿಂತು ಬಾಯಿ ಆಡಿಸುತ್ತಿದ್ದಾಳಲ್ಲ, ಇವಳನ್ನೂ ಮಂಚಕ್ಕೆ ಕಟ್ಟುತ್ತಾರೆ. ಕಣ್ಣಿನಲ್ಲೇ ಗದರಿಸಿದಳು. ಲಾಳಿಗೆ ಅರ್ಥವಾಗಲಿಲ್ಲ, ಇನ್ನೂ ಅಗಲವಾಗಿ ಬಾಯಿ ತೆರೆದು ಮತ್ತೆ ಕೇಳಿದಳು. ದೊಡ್ಡಕ್ಕ ಗೋಡೆಯ ಕಡೆ ಹೊರಳಿ ಮಲಗಿಬಿಟ್ಟಳು.

“ನೋಡಿದ್ರಲ್ಲ,” ಅಂದರು ಡಾಕ್ಟರು.

ತುಟಿಯಾಟ ನಿಂತದ್ದು ಅವರ ಗಮನಕ್ಕೆ ಬಾರದೆ ಇರಲಿಲ್ಲ. ಗುಣ ಕಾಣುತ್ತಿದೆ ಎಂದು ಮನೆಗೆ ಕಳಿಸಿದರು. ಗುಣ ಕೊಟ್ಟದ್ದು ಮದ್ದಾದ್ದರಿಂದ ತಿಂಗಳಿಗೊಮ್ಮೆ ಬಂದು ಸೂಜಿ ಹಾಕಿಸಿಕೊಳ್ಳಬೇಕು ಎಂದರು.

ಲಾಳಿ ಮನೆಗೇ ಬಂದು ಎದುರು ಕೂತು ಜಗಳ ತೆಗೆದಳು. “ಅವತ್ತು ಯಾಕೆ ಬಾಯಿ ಬಿಡ್ಲಿಲ್ಲ? ಡಾಕ್ಟ್ರ ಮುಂದೆ ನನ್ನ ಮಾನ ಕಳೆದ್ಯಲ್ಲಕ್ಕ.”

“ಬಿಟ್ಟಿದ್ರೆ ಚುಚ್ತಿದ್ರು.”

“ಬಿಡದೇ ಇದ್ದಿದ್ದಕ್ಕೆ ಈಗ ಮುದ್ದು ಮಾಡ್ತಿದಾರಾ?”

“ನಿನ್ನನ್ನೂ ಕಟ್ತಾರೆ ಅಂದ್ಕೊಂಡೆ ಕಣೇ.”

ಲಾಳಿ ಜಗಳವನ್ನು ಅಲ್ಲಿಗೇ ಬಿಟ್ಟಳು. ಅವಳ ಮಟ್ಟಿಗೆ ಅದು ಅಪರೂಪ. ಆಮೇಲೆ, “ಮುಂದಿನ ಸೂಜಿಗೆ ನಾನೂ ಬರ್ತೀನಿ. ನೀನು ಬಾಯಿ ಮುಚ್ಚಿದ್ರೆ ನಾನೇ ಕಟ್ಟಿಹಾಕ್ತೀನಿ,” ಅಂದಳು.

ಸೂಜಿಯ ದಿನ ಲಾಳಿ ಕೇಳಿಕೊಂಡದ್ದಕ್ಕೆ ಡಾಕ್ಟರು ಇನ್ನೊಂದು ಸಲ ನೋಡಲು ಒಪ್ಪಿದರು. ದೊಡ್ಡಕ್ಕನನ್ನು ಕಾರಿಡಾರಿನ ಆ ಕೊನೆಯ ಬೆಂಚಿನಲ್ಲಿ ಕೂರಿಸಿ, ಲಾಳಿಯ ಕಿವಿಯಲ್ಲಿ ಒಂದು ಪ್ರಶ್ನೆ ಹೇಳಿದರು: ಮದ್ದು ಹೇಗಿದೆ? ಲಾಳಿ ತುಟಿ ಆಡಿಸಿದಳು. ದೊಡ್ಡಕ್ಕ ಒಮ್ಮೆ ಡಾಕ್ಟರನ್ನು, ಒಮ್ಮೆ ಸೂಜಿಯ ಕೋಣೆಯನ್ನು ನೋಡಿದಳು. ಆಮೇಲೆ ತುಟಿ ತೆರೆದಳು. ತೆರೆದದ್ದು ಬೇಗ ಮುಚ್ಚಲಿಲ್ಲ.

ಲಾಳಿ ಒಂದನ್ನೂ ಬಿಡದೆ ಗಟ್ಟಿಯಾಗಿ ಹೇಳಿದಳು. “ನಾಲಿಗೆ ಬಾಯಲ್ಲಿ ಹಿಡಿಸಲ್ವಂತೆ. ಕೈ ನಡುಗಿ ಸೊಸೆ ಮುಂದೆ ಲೋಟ ಬೀಳತ್ತಂತೆ. ಅಷ್ಟು ಒಳ್ಳೇ ಮದ್ದಾದ್ರೆ ಡಾಕ್ಟ್ರೂ ಒಂದು ಚುಚ್ಚಿಸ್ಕೊಳ್ಲಿ ಅಂತಾಳೆ.”

ಡಾಕ್ಟರು ಜೇಬಿನಿಂದ ಪೆನ್ನು ತೆಗೆದರು. “ಇಷ್ಟು ಸ್ಪಷ್ಟವಾಗಿ ಉತ್ತರ ಕೊಡ್ತಿದಾರೆ ಅಂದ್ರೆ ಮದ್ದು ಚೆನ್ನಾಗೇ ಹಿಡಿದಿದೆ. ಅರ್ಧಕ್ಕೆ ಇಳಿಸೋಣ.”

ಲಾಳಿಯ ಮುಖ ಕೆಂಪಾಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಬೆಂಚಿನಿಂದ ತುಟಿಗಳು ಆಡಿದವು: ಸುಮ್ನಿರೇ, ಅರ್ಧ ಬಿಟ್ಟಿದಾರೆ, ಉಳಿದರ್ಧಕ್ಕೆ ಮುಂದಿನ ತಿಂಗಳು ಜಗಳ ಆಡೋಣ.

“ಈಗೇನಂದ್ರು?” ಎಂದು ಡಾಕ್ಟರು ಕೇಳಿದರು.

“ನಿಮಗೆ ಒಳ್ಳೇದಾಗ್ಲಿ ಅಂದ್ಳು,” ಅಂದಳು ಲಾಳಿ.