ಕೆಂಚಯ್ಯನ ಎಳನೀರು ಪಂಚಾಯ್ತಿ

ಚನ್ನರಾಯಪಟ್ಟಣ ಸೀಮೆಗೆ ಬಾಡಿಗೆ ಮೈಕ್‌ಸೆಟ್ ತಂದವರಲ್ಲಿ ಕೆಂಚಯ್ಯ ಮೊದಲನೆಯವನೋ ಎರಡನೆಯವನೋ ಎಂಬ ಬಗ್ಗೆ ಇವತ್ತಿಗೂ ಜಗಳವಿದೆ. ಅದನ್ನು ಕಳೆದುಕೊಂಡವರಲ್ಲಿ ಮೊದಲನೆಯವನು ಅವನೇ ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ.

ಐವತ್ತಾರನೇ ಇಸವಿಯ ಮಾತು. ಹಾಸನದಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದ ರಂಗಸ್ವಾಮಿಯಿಂದ ಐನೂರು ರೂಪಾಯಿಯ ಸೆಟ್ಟನ್ನು ಕೆಂಚಯ್ಯ ಕಡ ತಂದ. ತಗಡಿನ ಎರಡು ಕಹಳೆ, ಒಂದು ಪೆಟ್ಟಿಗೆ, ಒಂದು ಗ್ರಾಮಫೋನು, ಎಮ್ಮೆಗರುವಿನಷ್ಟು ಭಾರದ ಬ್ಯಾಟರಿ. ಮೇಲುಖರ್ಚಿಗೆ ಕೊಬ್ಬರಿ ಮಂಡಿಯ ಗುಂಡಯ್ಯ ಮುನ್ನೂರು ಕೊಟ್ಟ. ಸಾಮಾನು ಸಾಗಿಸಲು ಹುಲಿಯಪ್ಪನ ಎತ್ತಿನ ಗಾಡಿ. ಅದರ ಬಾಡಿಗೆಯೂ ಬರೆದಿಟ್ಟುಕೊಳ್ಳುವ ಲೆಕ್ಕವೇ.

ಕೆಂಚಯ್ಯನಿಗೆ ದುಡಿಯುವ ಮೈಯಿತ್ತು, ಕೇಳುವ ಬಾಯಿರಲಿಲ್ಲ. ಮೈಕಿನ ಮುಂದೆ ನಿಂತರೆ ಮೂರು ಊರಿಗೆ ಕೇಳುವ ದನಿ, ಮದುವೆ ಮುಗಿದು ಬಾಡಿಗೆ ಕೇಳುವ ಹೊತ್ತಿಗೆ ಗಂಟಲಲ್ಲೇ ಉಳಿಯುತ್ತಿತ್ತು. ನೆಂಟರ ಮದುವೆಗೆಲ್ಲ ಪುಕ್ಕಟೆ. ಅವನ ಬಳಿ ಮೈಕ್ ಇದೆ ಎಂದು ಗೊತ್ತಾದ ಮೇಲೆ ನುಗ್ಗೇಹಳ್ಳಿ ಕಡೆಯವರೆಲ್ಲ ಅವನಿಗೆ ನೆಂಟರೇ ಆದರು. ಐವತ್ತೇಳರ ಚುನಾವಣೆಯಲ್ಲಿ ಇಬ್ಬರು ಉಮೇದುವಾರರು ದಿನ ಬಿಟ್ಟು ದಿನ ಅವನ ಸೆಟ್ಟನ್ನೇ ಕರೆಸಿಕೊಂಡರು. ಗೆದ್ದವನು ಮರೆತ, ಸೋತವನು ಊರು ಬಿಟ್ಟ. ಆ ವರ್ಷ ಕೆಂಚಯ್ಯನ ಕೈಗೆ ಕಾಸು ಬಂದದ್ದು ರುದ್ರಪಟ್ಟಣದಲ್ಲಿ ಮಾತ್ರ. ಸಂಗೀತಗಾರರ ಊರು, ಮೈಕಿಗೆ ಗಿರಾಕಿ ಸಿಕ್ಕೇ ಸಿಗುತ್ತದೆಂದು ಅಲ್ಲಿಗೆ ಗಾಡಿ ಹೊಡೆಸಿಕೊಂಡು ಹೋಗಿದ್ದ. ವಯಸ್ಸಾದ ವಿದ್ವಾಂಸರೊಬ್ಬರು ಅರ್ಧ ಹಾಡು ಕೇಳಿ, ಜಗಲಿಯಿಂದ ಇಳಿದು ಬಂದು, "ಇದನ್ನ ನಿಲ್ಸೋದಕ್ಕೆ ಏನಪ್ಪ ತಗೋತೀಯ?" ಎಂದು ಕೇಳಿ ಎರಡು ರೂಪಾಯಿ ಕೊಟ್ಟು ಕಳಿಸಿದರು.

ಹೀಗೆ ವರ್ಷ ತುಂಬುವುದರೊಳಗೆ ಸಾಲ ಕೊಟ್ಟವರು ಬಾಗಿಲು ಬಡಿಯತೊಡಗಿದರು. ಬಡಿದಾಗಲೆಲ್ಲ ಕೆಂಚಯ್ಯ ರಾಗಿ ಗುಡಾಣದ ಹಿಂದೆ ಕೂತುಬಿಡುತ್ತಿದ್ದ. ಹೆಂಡತಿ ಮುದ್ದಮ್ಮ ಬಾಗಿಲು ತೆಗೆದು, "ಮನೇಲಿಲ್ಲ ಸಾಮಿ, ಅರಸೀಕೆರೆಗೆ ಓಗವ್ರೆ" ಎನ್ನಬೇಕು. ಹತ್ತು ಸಲ ಹೇಳಿದಳು. ಹನ್ನೊಂದನೇ ಸಲ ಗುಡಾಣದ ಹಿಂದಿನಿಂದ ಅವನು ಸೀನಿದ. ಗುಂಡಯ್ಯ ನಕ್ಕು, "ಅರಸೀಕೆರೆ ಭಾಳ ಹತ್ರ ಬಂದ್ಬಿಟ್ಟೈತಲ್ಲಮ್ಮ" ಎಂದು ಹೇಳಿ ಹೋದ.

ಮುದ್ದಮ್ಮ ಅವತ್ತೇ ಸೀರೆ ಗಂಟು ಕಟ್ಟಿದಳು.

"ಲೋಕಕ್ಕೆಲ್ಲ ಮೈಕು ಪುಕ್ಕಟೆ ಕೊಟ್ಟೆ, ಸುಮ್ಕಿದ್ದೆ. ನನ್ ಬಾಯ್ನೂ ಸುಳ್ಳಿಗೆ ಪುಕ್ಕಟೆ ಕೊಡೋಕಾಗಾಕಿಲ್ಲ ಕಣ. ಕೊಟ್ಟೋರು ಬಂದಾಗ ನೀನೇ ಎದ್ದು ಬಾಗ್ಲು ತೆಗಿಯೋ ದಿನ ನಾನು ಬತ್ತೀನಿ. ಅಲ್ಲೀಗಂಟ ಅರಕಲಗೂಡಲ್ಲಿ ತಮ್ಮನ ಮನೇಲಿರ್ತೀನಿ."

"ಅದ್ಯಾವತ್ತಮ್ಮಿ?" ಎಂದ ಕೆಂಚಯ್ಯ.

"ಅದು ನನ್ನ ಕೇಳೋ ಮಾತಾ?" ಎಂದವಳೇ ಬಸ್ಸು ಹತ್ತಿದಳು.

ಖಾಲಿ ಮನೆಯಲ್ಲಿ ಮುದ್ದೆ ತಿರುಗಿಸಲು ಕಲಿಯುತ್ತ ಕೆಂಚಯ್ಯ ಮೂರು ತಿಂಗಳು ಕಳೆದ. ಮುದ್ದೆ ಗಟ್ಟಿಯಾಗುತ್ತಿರಲಿಲ್ಲ, ಮನಸ್ಸೂ ಗಟ್ಟಿಯಾಗುತ್ತಿರಲಿಲ್ಲ. ಸಂತೆ ದಿನ ಹಾಸನಕ್ಕೆ ಹೋಗಿ ಕೂಲಿ ಹುಡುಕುವುದು, ಮುಖದ ಮೇಲೆ ಟವಲು ಎಳೆದುಕೊಂಡು ಬಸ್ಸಿನ ಹಿಂದಿನ ಸೀಟಿನಲ್ಲಿ ಮುದುರಿ ಚನ್ನರಾಯಪಟ್ಟಣದ ಮನೆಗೆ ಬರುವುದು, ಇಷ್ಟೇ ಅವನ ಬಾಳಾಯಿತು.

ಅಂಥದೇ ಒಂದು ದಿನ ಬಸ್ಸು ಶಾಂತಿಗ್ರಾಮ ದಾಟಿ ಉದಯಪುರದ ಹತ್ತಿರ ನಿಂತುಬಿಟ್ಟಿತು. ಮಟ ಮಟ ಮಧ್ಯಾಹ್ನ. "ಗಂಡಸ್ರೆಲ್ಲ ಇಳಿದು ತಳ್ಳಿ!" ಎಂದು ಕಂಡಕ್ಟರು ಕೂಗಿದ. ಕೆಂಚಯ್ಯ ಟವಲು ಬಿಗಿದುಕೊಂಡು ಇಳಿದು ಹೆಗಲು ಕೊಟ್ಟ. ತಳ್ಳುವ ಭರಕ್ಕೆ ಟವಲು ಜಾರಿತು. ಪಕ್ಕದ ಹೆಗಲು ಗುಂಡಯ್ಯನದು. ಅವನಾಚೆ, ಬಾಕಿ ಕೇಳಲೆಂದೇ ಹೊರಟಿದ್ದ ರಂಗಸ್ವಾಮಿ. ಬಸ್ಸಿನ ಇನ್ನೊಂದು ಮೂಲೆಗೆ ಬೆನ್ನು ಕೊಟ್ಟಿದ್ದವನು ಗಾಡಿಯ ಹುಲಿಯಪ್ಪ.

"ಲೇ ಕೆಂಚ! ಯುಗಾದಿಗೆ ಕೊಡ್ತೀನಂದಿದ್ದೆ?" ಎಂದ ಗುಂಡಯ್ಯ.

"ಯುಗಾದಿಗೆ ನನಗೆ ಕೊಡ್ತೀನಿ ಅಂದಿದ್ದನಲ್ರೀ!" ಎಂದ ರಂಗಸ್ವಾಮಿ.

"ನಂಗೂ ಅದೇ ಯುಗಾದಿ ಸಾಮಿ" ಎಂದು ಹುಲಿಯಪ್ಪ ಆಚೆಯಿಂದ ಕೂಗಿದ. "ಒಂದು ಯುಗಾದಿಗೆ ಇವ್ನು ಎಷ್ಟು ಜನಕ್ಕೆ ಬೇವು-ಬೆಲ್ಲ ಅಂಚವ್ನೋ ಕಾಣೆ!"

ಬಸ್ಸು ಕದಲಲಿಲ್ಲ, ಬೈಗುಳ ಮಾತ್ರ ಚೆನ್ನಾಗಿ ಓಡಿತು. ಓಡಿಹೋಗೋಣವೆಂದರೆ ಸುತ್ತ ಬಯಲು. ರಸ್ತೆ ಬದಿಯ ತೆಂಗಿನ ತೋಟದವನೊಬ್ಬ ಎಳನೀರು ರಾಶಿ ಹಾಕಿಕೊಂಡು ಈ ತಮಾಷೆ ನೋಡುತ್ತ ನಿಂತಿದ್ದ. ಬೈದು ಬೈದು ಮೂವರ ಬಾಯೂ ಒಣಗಿದ್ದು ಕೆಂಚಯ್ಯನಿಗೆ ಕಂಡಿತು. ಅವನ ಕೈಯ ನೀರು ಆ ಜನ ಮುಟ್ಟುವುದಿಲ್ಲ, ಅದು ಅವನಿಗೆ ಹುಟ್ಟಿದಾಗಿನಿಂದ ಗೊತ್ತಿದ್ದದ್ದೇ. ಎಳನೀರಿಗೆ ಆ ಕಟ್ಟಳೆ ಇರಲಿಲ್ಲ. ನೀರು ತುಂಬಿದ್ದು ಮರ, ಕೆತ್ತಿ ಕೊಡುವವನು ತೋಟದವನು. ಜೇಬಿನಲ್ಲಿದ್ದ ಚಿಲ್ಲರೆಯನ್ನೆಲ್ಲ ಸುರಿದು ಮೂರು ಕೆತ್ತಿಸಿದ.

ಎಳನೀರಿನ ಗುಣವೊಂದಿದೆ. ಅದನ್ನು ಕುಡಿಯಲು ಕತ್ತು ಮೇಲೆತ್ತಬೇಕು, ಕತ್ತು ಮೇಲೆತ್ತಿದವನಿಗೆ ಬೈಯಲಾಗುವುದಿಲ್ಲ. ಬುರುಡೆ ಕೆಳಗಿಡುವಷ್ಟರಲ್ಲಿ ಹೊಟ್ಟೆ ತಣ್ಣಗಾಗಿರುತ್ತದೆ. ಆ ಮೂವರೂ ತೋಟದ ನೆರಳಲ್ಲಿ ಕೂತರು. ಕೆಂಚಯ್ಯ ಎದುರಿಗೆ ನಿಂತು, ಜೀವಮಾನದಲ್ಲಿ ಮೊದಲ ಸಲ ಮೈಕಿಲ್ಲದೆ ಗಟ್ಟಿಯಾಗಿ ಮಾತಾಡಿದ. ಯಾರಿಗೆ ಎಷ್ಟು, ತನ್ನ ಬಳಿ ಏನಿದೆ, ಯಾರ್ಯಾರಿಗೆ ಏನೇನು ಸುಳ್ಳು ಹೇಳಿದ್ದೇನೆ, ಎಲ್ಲ ಒದರಿದ.

ಆಗ ಒಂದು ವಿಚಿತ್ರ ನಡೆಯಿತು. ಮೂವರೂ ಅವನನ್ನು ಬಿಟ್ಟು ಒಬ್ಬರನ್ನೊಬ್ಬರು ಕೇಳಿಕೊಳ್ಳತೊಡಗಿದರು. ಇಷ್ಟು ದಿನ ಅವರು ಬಾಗಿಲು ಮುರಿಯುವಂತೆ ಬಡಿದದ್ದು, ಇನ್ನೊಬ್ಬ ಮೊದಲು ಬಂದು ಬಾಚಿಕೊಂಡಾನು ಎಂಬ ಹೆದರಿಕೆಗೆ. ಯಾರಿಗೂ ಬಿಡಿಗಾಸು ಸಿಕ್ಕಿಲ್ಲವೆಂದು ತಿಳಿದು ಮೂವರಿಗೂ ಒಂಥರಾ ನೆಮ್ಮದಿಯಾಯಿತು.

"ಇವ್ನ ಕತ್ತು ಇಸುಕಿದ್ರೆ ಯಾರ್ಗೂ ಏನೂ ಗಿಟ್ಟಾಕಿಲ್ಲ" ಎಂದ ಹುಲಿಯಪ್ಪ. "ದುಡಿಯೋಕೆ ಬುಡಿ, ಕೊಡ್ತಾನೆ."

ರಂಗಸ್ವಾಮಿ ಸೆಟ್ಟು ವಾಪಸು ಪಡೆದು ಮುನ್ನೂರು ಬಿಟ್ಟ, ಇನ್ನೂರು ಉಳಿಯಿತು. ಗುಂಡಯ್ಯನ ಮುನ್ನೂರು, ಹುಲಿಯಪ್ಪನ ನೂರು. ಗುಂಡಯ್ಯ ತನ್ನ ಮಂಡಿಯಲ್ಲೇ ಕಾಯಿ ಸುಲಿಯುವ ಕೆಲಸ ಕೊಟ್ಟ. ತಿಂಗಳಿಗೆ ಹನ್ನೆರಡು ರೂಪಾಯಿ ಕಂತು, ಸಾಲದ ಗಾತ್ರಕ್ಕೆ ತಕ್ಕಂತೆ ನಾಲ್ಕು, ಆರು, ಎರಡು. ಮೂವರಿಗೂ ಒಂದೇ ದಿನ ಸಂದಾಯ.

ಮುಂದಿನ ತಿಂಗಳು ಹುಲಿಯಪ್ಪ ಬಂದು ಕೂಗಿದಾಗ ಕೆಂಚಯ್ಯನೇ ಎದ್ದು ಬಾಗಿಲು ತೆಗೆದ. ತೆಗೆದವನೇ ಅರಕಲಗೂಡಿಗೆ ಓಡಿದ. ಅಲ್ಲಿ ಮುದ್ದಮ್ಮನ ತಮ್ಮ ಬೈರಯ್ಯ ಹೊಸದಾಗಿ ಬ್ಯಾಂಡ್‌ಸೆಟ್ ಕಟ್ಟಿ, ಕೆಂಪು ಕೋಟು ಹಾಕಿಕೊಂಡು ಮೆರೆಯುತ್ತಿದ್ದ.

"ಏನ್ ಬಾವ, ಮೈಕು ಕಾಣಿಸ್ತಿಲ್ಲ?" ಎಂದು ಅವನು ಹಂಗಿಸಿದ. "ನಮ್ ಬ್ಯಾಂಡಲ್ಲಿ ತಾಳ ತಟ್ಟೋ ಕೆಲ್ಸ ಐತೆ, ಬತ್ತೀಯಾ?"

ಕೆಂಚಯ್ಯ ತಾನೇ ಬಾಗಿಲು ತೆಗೆದ ಸುದ್ದಿಯನ್ನು ಒಳಕ್ಕೆ ಕೂಗಿ ಹೇಳಿದ. ಮುದ್ದಮ್ಮ ಒಳಗಿನಿಂದಲೇ ಉತ್ತರ ಕೊಟ್ಟಳು. "ಒಂದ್ ಸಲ ಬಾಗ್ಲು ತೆಗೆದೋನು ಇನ್ನೊಂದ್ ಸಲ ಮುಚ್ಕೊಂಡಾನು. ನೋಡಾನ, ಇನ್ನೊಂದಿಸ್ಟು ದಿನ ಓಗ್ಲಿ." ಉಂಡು ಹೋಗೆಂದು ಮಾತ್ರ ಹೇಳಿದಳು. ಮುದ್ದೆ ಗಟ್ಟಿಯಾಗಿತ್ತು.

ಕೆಂಚಯ್ಯನ ಹೊಸ ಕಸುಬು ಶುರುವಾದದ್ದು ಹೊಳೆನರಸೀಪುರದಲ್ಲಿ. ಅಲ್ಲಿಯ ಟೈಲರ್ ಗಿಡ್ಡಯ್ಯ ಸಾಲಕ್ಕೆ ಹೆದರಿ, ಹೊರಗಿನಿಂದ ಬೀಗ ಹಾಕಿಸಿಕೊಂಡು ಅಂಗಡಿಯೊಳಗೆ ಕೂತು ಹೊಲಿಯುತ್ತಿದ್ದ. ಬೀಗ ಹಾಕಿದ ಅಂಗಡಿಯಿಂದ ಮಿಷನ್ನಿನ ಸದ್ದು ಬರುವುದನ್ನು ಊರೇ ಕೇಳುತ್ತಿತ್ತು. ಹುಲಿಯಪ್ಪ ಇದನ್ನು ಹೇಳಿ ನಕ್ಕಾಗ ಕೆಂಚಯ್ಯ ನಗಲಿಲ್ಲ. ಗುಡಾಣದ ಹಿಂದಿನ ರಾಗಿ ಧೂಳು ಇನ್ನೂ ಮೂಗಿನಲ್ಲಿತ್ತು. ಭಾನುವಾರ ಬಸ್ಸು ಹತ್ತಿ ಹೋಗಿ, ಬಾಗಿಲ ಸಂದಿಗೆ ಬಾಯಿಟ್ಟು, "ಅಣ್ಣಾ, ನಾನೂ ಇಂಗೇ ಅಡಗಿದ್ದೋನು ಕಣ. ಆಚಿಗ್ ಬಾ, ಎಲ್ರುನ್ನೂ ಒಂದೇ ಕಡೆ ಕೂರಿಸ್ತೀನಿ" ಎಂದ. ಅರ್ಧ ಗಂಟೆ ಮಾತಾಡಿದ ಮೇಲೆ ಗಿಡ್ಡಯ್ಯ ಕಿಟಕಿಯಿಂದ ಬೀಗದ ಕೈ ಚಾಚಿದ. ಐದು ಮಂದಿ ಸಾಲ ಕೊಟ್ಟವರು, ಐದು ಎಳನೀರು, ಒಂದು ಮರದ ನೆರಳು. ಸಂಜೆಯೊಳಗೆ ಕಂತು ಗೊತ್ತಾಯಿತು.

ಸುದ್ದಿ ಬಸ್ಸಿಗಿಂತ ಮೊದಲೇ ಓಡಿತು. ಹಾಸನದ ಮಿಲಿಟರಿ ಹೋಟೆಲಿನವನು ಬಂದ, ಗಾಣದವನು ಬಂದ, ಮೂರು ಹೆಣ್ಣು ಮಕ್ಕಳ ಮದುವೆ ಒಂದೇ ಚಪ್ಪರದಲ್ಲಿ ಮಾಡಿ ಮೂರರ ಸಾಲವನ್ನೂ ಹೊತ್ತ ಮೇಷ್ಟ್ರೊಬ್ಬರು ಮೆತ್ತಗೆ ಬಂದರು. ಕೆಂಚಯ್ಯ ಕೂಲಿಯನ್ನೂ ನಿಗದಿ ಮಾಡಿದ. ಕೂತವರ ತಲೆಗೊಂದು ರೂಪಾಯಿ, ಅದೂ ಮೂರನೇ ಕಂತು ಸಂದಾಯವಾದ ಮೇಲೆ. ಕಟ್ಟಳೆ ಒಂದೇ ಒಂದು. ಎಳನೀರು ಕೆತ್ತುವ ಮೊದಲು ಸಾಲಗಳನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಒಂದನ್ನು ಮುಚ್ಚಿಟ್ಟರೂ ಕೆಂಚಯ್ಯ ಟವಲು ಕೊಡವಿಕೊಂಡು ಎದ್ದು ಹೋಗುತ್ತಾನೆ. ಇಬ್ಬರ ವಿಷಯದಲ್ಲಿ ಎದ್ದು ಹೋಗಿಯೂ ಇದ್ದ, ಆದ್ದರಿಂದ ಅವನ ಮಾತಿಗೆ ತೂಕ ಬಂದಿತ್ತು.

ಎರಡು ವರ್ಷ ಹೀಗೆ ನಡೆಯಿತು. ಎರಡು ತಿಂಗಳಿಗೊಮ್ಮೆ ಅವನು ಅರಕಲಗೂಡಿಗೆ ಹೋಗಿ ಉಂಡು ಬರುತ್ತಿದ್ದ. ಮುದ್ದಮ್ಮ ಹೊಸ್ತಿಲು ದಾಟಿ ಅವನೊಂದಿಗೆ ಬಸ್‌ಸ್ಟ್ಯಾಂಡಿನವರೆಗೆ ಬರುವಷ್ಟಕ್ಕೆ ಬಂದಿದ್ದಳು, ಬಸ್ಸು ಹತ್ತುವಷ್ಟಕ್ಕೆ ಬಂದಿರಲಿಲ್ಲ.

ಅರವತ್ತರ ಬೇಸಿಗೆಯಲ್ಲಿ ಬೈರಯ್ಯ ಕೋಟು ಬಿಚ್ಚಿಟ್ಟು ಚನ್ನರಾಯಪಟ್ಟಣಕ್ಕೆ ಬಂದ.

"ಬಾವ, ಬ್ಯಾಂಡು ಮುಳುಗ್ತಾ ಐತೆ. ಅಕ್ಕಂಗೆ ಯೇಳ್ಬ್ಯಾಡ."

ಕೆಂಚಯ್ಯ ತಾಳ ತಟ್ಟುವ ಮಾತನ್ನು ಎತ್ತಲಿಲ್ಲ. ಎತ್ತಬೇಕೆಂದು ನಾಲಗೆ ತುದಿವರೆಗೆ ಬಂದಿತ್ತು ಎಂದು ಆಮೇಲೆ ಅವನೇ ಹೇಳಿಕೊಂಡಿದ್ದಾನೆ.

ಅರಕಲಗೂಡಿನ ಕೆರೆ ಏರಿಯ ಕೆಳಗೆ ಹೊಂಗೆ ಮರದ ನೆರಳಿನಲ್ಲಿ ಮೂವರು ಬಂದು ಕೂತರು. ಕೋಟಿನ ಬಟ್ಟೆ ಕೊಟ್ಟ ಜವಳಿ ಅಂಗಡಿ ಗೌರೀಶಂಕರ, ಇನ್ನೂರ ನಲವತ್ತು. ಹಾಸನದ ವಾದ್ಯದಂಗಡಿಯ ಗುಮಾಸ್ತ, ನೂರ ಅರವತ್ತು. ಕೂಲಿ ಬಾಕಿ ಇದ್ದ ಬ್ಯಾಂಡಿನ ಡೋಲಿನವನು ಗಂಗಯ್ಯ, ಎಂಬತ್ತು.

"ಇಷ್ಟೇನಾ ಬೈರ? ಇನ್ನೊಂದ್ ಸಲ ಯೋಚ್ನೆ ಮಾಡು."

"ಇಸ್ಟೇ ಬಾವ, ನಿನ್ನಾಣೆ."

ಎಳನೀರಿನವನು ಕೆತ್ತಲು ಮಚ್ಚು ಎತ್ತಿದ್ದಷ್ಟೇ, ಏರಿ ಇಳಿದು ಮುದ್ದಮ್ಮ ಬಂದಳು. ರಾಶಿಯಿಂದ ಒಂದು ಕಾಯಿ ಆರಿಸಿಕೊಂಡು, ಸೆರಗು ಸುತ್ತಿಕೊಂಡು ಗಂಗಯ್ಯನ ಆಚೆ ಕೂತಳು.

"ಮುದ್ದಿ, ಇದು ಸಾಲ ಕೊಟ್ಟೋರು ಕೂರೋ ಜಾಗ" ಎಂದ ಕೆಂಚಯ್ಯ.

"ಅದ್ಕೇ ಕೂತಿವ್ನಿ. ನನ್ ಬೆಳ್ಳಿ ಡಾಬು ಇಸ್ಕೊಂಡೋಗಿ ಎಂಬತ್ತು ರೂಪಾಯಿಗೆ ಮಾರಿ ಆ ಪೀಪಿ ತಂದವ್ನೆ. ನಾಳೆ ಕೊಡ್ತೀನಿ ಅಂದು ವರ್ಸಾಯ್ತು."

ಬೈರಯ್ಯನ ತಲೆ ಮೊಣಕಾಲಿನ ನಡುವೆ ಹೋಯಿತು. ಕೆಂಚಯ್ಯ ಹೆಗಲಿನ ಟವಲನ್ನು ಕೈಗೆ ತೆಗೆದುಕೊಂಡ. ಕಟ್ಟಳೆಯಂತೆ ಎದ್ದು ಹೋದರೆ ಬಾವಮೈದುನ ಬೀದಿಪಾಲು, ಮುದ್ದಮ್ಮನೂ ಈ ಜನ್ಮಕ್ಕೆ ಬಸ್ಸು ಹತ್ತುವುದಿಲ್ಲ. ಮನೆಯ ವಿಷಯ, ಆಮೇಲೆ ನೋಡೋಣ ಎಂದು ತೇಲಿಸಿಬಿಟ್ಟರೆ ಅದು ಗುಡಾಣದ ಹಿಂದಿನ ಹಳೇ ಕೆಂಚಯ್ಯನ ಕೆಲಸ. ಮುದ್ದಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

ಅವನು ಟವಲನ್ನು ನೆಲಕ್ಕೆ ಹಾಕಿದ. ಮೂವರ ಕಡೆ ತಿರುಗಿದ.

"ಸಾಮಿ, ಇವ್ಳು ನನ್ನೆಂಡ್ತಿ. ಇವ್ಳ ಡಾಬು ನಮ್ಮಪ್ಪ ನಮ್ ಮದ್ವೇಲಿ ಮಾಡ್ಸಾಕಿದ್ದು. ಅಂಗಾಗಿ ಈ ಸಾಲದಲ್ಲಿ ನಂದೂ ಐತೆ. ಸಾಲ ಮುಚ್ಚಿಟ್ಟೋರ ಪಂಚಾಯ್ತಿ ನಾನು ಮಾಡಾಕಿಲ್ಲ, ನನ್ ಕಡೆಯೋರಿಗೇ ಬಾಕಿ ಇದ್ದಾಗ ನಾನು ಮಧ್ಯಸ್ಥನೂ ಅಲ್ಲ. ಎದ್ದೋಗು ಅಂದ್ರೆ ಓಯ್ತೀನಿ, ಕೂತ್ಕೊ ಅಂದ್ರೆ ಕೂತ್ಕತೀನಿ. ನೀವೇ ಯೇಳ್ಬೇಕು."

ಗೌರೀಶಂಕರ ನಕ್ಕ.

"ಹೆಂಡ್ತಿ ವಿಷ್ಯಾನೇ ಬಯಲಲ್ಲಿ ಬಿಚ್ಚಿಟ್ಟೋನು ನಮ್ಮದ್ಯಾಕೆ ಮುಚ್ಚಿಡ್ತೀಯ? ಕೂತ್ಕೊಳಯ್ಯ. ಆದ್ರೆ ಆಯಮ್ಮನ ಬಾಕಿ ಮೊದ್ಲು ತೀರ್ಸೋ ಹಂಗಿಲ್ಲ ನೋಡು."

"ಮೊದ್ಲೂ ಇಲ್ಲ, ಕಡೇಲೂ ಇಲ್ಲ. ಎಲ್ರಂಗೆ" ಎಂದಳು ಮುದ್ದಮ್ಮ, ಗಂಡನಿಗಿಂತ ಮುಂಚೆ.

"ಅಕ್ಕ, ನಿಂದು ಆಮೇಕೆ ಕೊಡ್ತೀನಿ ಕಣಕ್ಕ, ಮನೇವ್ಳಲ್ವಾ ನೀನು?" ಎಂದು ಬೈರಯ್ಯ ಗೋಗರೆದ.

"ಸುಮ್ಕೆ ಕುಂತ್ಕೊಳಲಾ. ಪೀಪಿ ಊದುವಾಗ ಅಕ್ಕನ ಗ್ಯಾನ ಬಂದಿತ್ತಾ?"

ಗಂಗಯ್ಯ ಎಷ್ಟು ಜೋರಾಗಿ ನಕ್ಕನೆಂದರೆ ಏರಿಯ ಮೇಲಿನ ದನಗಳು ತಿರುಗಿ ನೋಡಿದವು. ಕಾಯಿ ಕೆತ್ತಿದ್ದಾಯಿತು, ನಾಲ್ವರ ಕತ್ತೂ ಮೇಲೆ ಹೋಯಿತು, ಇಳಿಯಿತು. ಕೆಂಚಯ್ಯ ಪುಸ್ತಕ ತೆರೆದು ಬರೆದುಕೊಂಡ. ತಿಂಗಳಿಗೆ ಹದಿನಾಲ್ಕು ರೂಪಾಯಿ. ಗೌರೀಶಂಕರನಿಗೆ ಆರು, ವಾದ್ಯದಂಗಡಿಗೆ ನಾಲ್ಕು, ಗಂಗಯ್ಯನಿಗೆ ಎರಡು, ಮುದ್ದಮ್ಮನಿಗೆ ಎರಡು. ಗಂಗಯ್ಯ ಡೋಲು ಬಾರಿಸುವುದನ್ನು ನಿಲ್ಲಿಸುವುದಿಲ್ಲವೆಂದೂ ಮಾತಾಯಿತು, ಬ್ಯಾಂಡು ನಿಂತರೆ ಕಂತೂ ನಿಲ್ಲುತ್ತದೆ.

ಕೊನೆಗೆ ವಿಳಾಸ ಬರೆಯುವ ಕೆಲಸ. ಯಾರ ಕಂತು ಎಲ್ಲಿಗೆ ಮುಟ್ಟಿಸಬೇಕೆಂದು ಪ್ರತಿಯೊಬ್ಬರನ್ನೂ ಕೇಳಿ ಬರೆಯುವುದು ಅವನ ಪದ್ಧತಿ. ಗೌರೀಶಂಕರ, ಜವಳಿ ಅಂಗಡಿ, ಪೇಟೆ ಬೀದಿ. ಗುಮಾಸ್ತ, ಹಾಸನ. ಗಂಗಯ್ಯ, ಕೋಟೆ ಹಿಂಭಾಗ. ಸಾಲು ಮುದ್ದಮ್ಮನ ಹತ್ತಿರ ಬಂತು. ಕೆಂಚಯ್ಯ ತಲೆ ಎತ್ತದೆ, "ಮುದ್ದಮ್ಮ, ಬೈರಯ್ಯನ ಮನೆ, ಅರಕಲಗೂಡು" ಎಂದು ತಾನೇ ಬರೆಯತೊಡಗಿದ.

"ಯಾರು ಯೇಳಿದ್ದು ಅಂಗಂತ? ಕೇಳದೇನೇ ಬರ್ಕೋತೀಯಲ್ಲ" ಎಂದಳು ಅವಳು. "ನನ್ ಕಂತು ಚನ್ರಾಯಪಟ್ಣಕ್ಕೆ ಬರ್ಲಿ. ನಾಳೆ ಮೊದಲ್ನೆ ಬಸ್ಸಿಗೆ ನಾನು ಅಲ್ಗೇ ಓಗೋಳು."

ಕೆಂಚಯ್ಯನ ಪೆನ್ಸಿಲು ನಿಂತಿತು. ಬರೆದದ್ದನ್ನು ಹೊಡೆದು ಹಾಕಲು ಹೋಗಿ ಗೌರೀಶಂಕರನ ಹೆಸರನ್ನೂ ಹೊಡೆದ.

"ಅಯ್ಯಯ್ಯೋ, ನಂದ್ಯಾಕೆ ಹೊಡೀತಿ, ನಾನೇನು ನಿನ್ ಜೊತೆ ಬರಲ್ಲ!" ಎಂದು ಗೌರೀಶಂಕರ ಕೂಗಿಕೊಂಡ.