ಹುಟ್ಟದ ಏಳು ಕೂಸುಗಳು

ಜೂನ್ 9, ಸೋಮವಾರ. ಮಧ್ಯಾಹ್ನ 12.20ಕ್ಕೆ ನಮ್ಮ ಬ್ಯಾಚಿನವರಿಗೆಂದು ಬರೆಯಲು ಕೂತೆ.

ನನ್ನ ಹೆರಿಗೆ ದಾಖಲೆ ಪುಸ್ತಕದ ಇಪ್ಪತ್ತು ಹೆರಿಗೆಗಳಲ್ಲಿ ಏಳು ಸುಳ್ಳು. ಆ ತಾಯಂದಿರಿಲ್ಲ, ಆ ಕೂಸುಗಳೂ ಇಲ್ಲ — ನಾನೇ ಬರೆದು ಹುಟ್ಟಿಸಿದವು.

ಆಗ ಪುಣೆಯಲ್ಲಿ ನರ್ಸಿಂಗ್ ಕೊನೆಯ ವರ್ಷ. ಪರೀಕ್ಷೆಗೆ ಕೂರಲು ವಿಶ್ವವಿದ್ಯಾಲಯದ ಆ ಪುಸ್ತಕದಲ್ಲಿ ಹೆರಿಗೆಗೊಂದರಂತೆ ಇಪ್ಪತ್ತೂ ಪುಟ ತುಂಬಿರಬೇಕಿತ್ತು. ವಿಜಯಪುರದ ಸವಿತಾ ಮತ್ತು ನಾನು ಒಂದೇ ಪಾಳಿ. ಸರದಿಯ ಮೇಲೆ ಕೂಸು ಹಿಡಿದವರು. ಇಬ್ಬರಿಗೂ ಸಿಕ್ಕಿದ್ದು ತಲಾ ಹದಿಮೂರೇ. ಅವಳು ಏಳು ಪುಟ ಖಾಲಿ ಬಿಟ್ಟಳು. ನಾನು —

ನಮ್ಮ ಕಡೆಯವರೇ ಆದ ಟ್ಯೂಟರ್ ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ಅವಳಿಗೆ ಅಂದರು: "ಒಂದೇ ಡ್ಯೂಟಿ ಇಬ್ಬರದೂ. ಆಕಿಗೆ ಇಪ್ಪತ್ತು ಸಿಕ್ಕಾವ. ನೀ ಏನವ್ವ, ಕ್ಯಾಂಟೀನಿನ್ಯಾಗ ಚಹಾ ಕುಡಕೋತ ಕುಂತಿದ್ದೇನು?"

ಸವಿತಾ ನನ್ನತ್ತ ನೋಡಿದಳು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಆ ಸಲ ಅವಳನ್ನು ಪರೀಕ್ಷೆಗೆ ಕೂರಿಸಲಿಲ್ಲ. ಊರಿಗೆ ಹೋದವಳು ಮರಳಿ ಬರಲೇ ಇಲ್ಲ.

ಪುಸ್ತಕದಲ್ಲಿ ಸುಳ್ಳು ಬರೆದರೂ ಡೈರಿಯಲ್ಲಿ ಬರೆದಿಲ್ಲ. ಹದಿನಾರನೇ 'ಹೆರಿಗೆ'ಯ ದಿನ ಡೈರಿಯಲ್ಲಿದೆ: ಸವಿತಾ ಜೊತೆ ಲೋಣಾವಳಾ ಪ್ರವಾಸ, ತಿಂದ ಚಿಕ್ಕಿ ಮೂರು ಬಗೆ, ಮಳೆಯಲ್ಲಿ ನೆನೆದದ್ದು ಎರಡು ಸಲ. ಪುಸ್ತಕದಲ್ಲಿ: ಹೆಣ್ಣು ಕೂಸು, 2.8 ಕೆ.ಜಿ. ಏಳೂ ಕೂಸುಗಳಿಗೆ ಅದೇ ತೂಕ — ಯಾರೂ ಕೇಳಲಿಲ್ಲ.

ಈಗ ಪುಣೆಯದೇ ಹಡಪಸರದ ನರ್ಸಿಂಗ್ ಕಾಲೇಜೊಂದರಲ್ಲಿ ನಾನೇ ಟ್ಯೂಟರ್. ಇಂದು 9.10ಕ್ಕೆ ಅಶ್ವಿನಿ ಎಂಬ ನಮ್ಮ ಕಡೆಯ ವಿದ್ಯಾರ್ಥಿನಿ ತನ್ನ ಹೆರಿಗೆ ಪುಸ್ತಕ ತಂದಳು.

"ನಾಕು ಪುಟ ಖಾಲಿ ಅದಾವ್ರಿ ಮೇಡಂ. ಎಲ್ಲಾರೂ ತುಂಬಿಬಿಡು ಅಂತಾರ. ತುಂಬ್ಲೇನ್ರಿ?"

"ಬ್ಯಾಡವ್ವ!" — ಎಷ್ಟು ಜೋರಾಗಿ ಅಂದೆನೆಂದರೆ ಪಕ್ಕದ ಮೇಜಿನವರೆಲ್ಲ ತಿರುಗಿದರು.

ನನ್ನ ಹಳೆಯ ಪುಸ್ತಕ ತರಲು ನಾನಿರುವ ಕೋಣೆಗೆ ಓಡಿದೆ. 11ಕ್ಕೆ ಪ್ರಿನ್ಸಿಪಾಲರ ಮುಂದೆ ನನ್ನ ಪುಸ್ತಕ, ಡೈರಿ ಎರಡನ್ನೂ ತೆರೆದಿಟ್ಟು ಎಲ್ಲ ಹೇಳಿ, ಆ ಹುಡುಗಿಗೆ ಕಾಲಾವಕಾಶ ಕೇಳಿದೆ. ಅಶ್ವಿನಿಗೆ ಹೆರಿಗೆ ಕೋಣೆಯಲ್ಲಿ ಇನ್ನೂ ಹದಿನೈದು ದಿನ ಕೊಟ್ಟರು — ಪರೀಕ್ಷೆ ತಪ್ಪುವುದಿಲ್ಲ! ಕೇಳಿದರೆ ಕೊಡುತ್ತಾರೆ... ಅಂದು ನಾನು ಬಾಯಿ ಬಿಟ್ಟಿದ್ದರೆ ಸವಿತಾಗೂ —

ನನ್ನ ವಿಷಯ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಕೆಲಸ ಉಳಿಯದಿರಬಹುದು. ಆದರೂ ಖುಷಿಯಾಗುತ್ತಿದೆ, ಮೊದಲ ಕೂಸು ಹಿಡಿದು ಅದು ಅತ್ತ ಕ್ಷಣದಂತೆ!

ನಮ್ಮ ಬ್ಯಾಚಿನವರೇ, ಸವಿತಾ ಈಗ ಎಲ್ಲಿದ್ದಾಳೆಂದು ಬಲ್ಲವರು ದಯವಿಟ್ಟು ಬರೆಯಿರಿ. ಅವಳ ಹದಿಮೂರೇ ನಿಜ, ನನ್ನ ಇಪ್ಪತ್ತು ಸುಳ್ಳೆಂದು ಅವಳೆದುರೇ ಹೇಳಬೇಕಿದೆ. ನಿಮ್ಮ ಪುಸ್ತಕಗಳಲ್ಲೂ ಹುಟ್ಟದ ಕೂಸುಗಳಿದ್ದರೆ, ಎಷ್ಟೆಂದು ಅದನ್ನೂ ಬರೆಯಿರಿ. ನನ್ನವು ಏಳು.